ಎಂಟನೇ ಕ್ಲಾಸಿನ ಮೊದಲ ವಾರ: ನಮ್ಮ ವೇಳಾಪಟ್ಟಿಯ ಚರಿತ್ರೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಸಮಿತಿಯ ಗೆಳೆಯರು ಕೇಳಿದಾಗ ನನಗೆ ಮೊದಲು ನೆನಪಾದದ್ದು 2001ರ ಜೂನ್ ತಿಂಗಳು. ಏಳನೇ ಕ್ಲಾಸು ಮುಗಿಸಿ ಈ ಶಾಲೆಯ ಎಂಟನೇ ತರಗತಿಗೆ ಬಂದು ಕೂತಿದ್ದೆವು. ಊರಿನ ಪ್ರೈಮರಿ ಶಾಲೆಯಲ್ಲಿ ಒಬ್ಬರೇ ಮೇಷ್ಟ್ರು ಬೆಳಗಿನಿಂದ ಸಂಜೆಯವರೆಗೆ ಎಲ್ಲ ಪಾಠವನ್ನೂ ಮಾಡುತ್ತಿದ್ದರು. ಇಲ್ಲಿ ಗಂಟೆ ಹೊಡೆದಾಗಲೆಲ್ಲ ಒಬ್ಬೊಬ್ಬ ಹೊಸ ಮೇಷ್ಟ್ರು ಒಳಗೆ ಬರುತ್ತಿದ್ದರು. ಬಂದವರು ಕರಿಹಲಗೆಯ ಮೇಲೆ ತಮ್ಮ ಹೆಸರು, ಓದು, ಊರು ಬರೆದು, "ಪಾಠ ನಾಳೆಯಿಂದ, ಇವತ್ತು ಪರಿಚಯ" ಎನ್ನುತ್ತಿದ್ದರು. ಆಮೇಲೆ ತಮ್ಮ ವಿಷಯ ಯಾಕೆ ದೊಡ್ಡದು ಎಂದು ಹೇಳುತ್ತಿದ್ದರು. ಆ ವಾರವೆಲ್ಲ ನಮಗೆ ನಡೆದದ್ದು ಈ ಪಾಠವೇ.

ಕನ್ನಡ ಪಂಡಿತರು ಹೇಳಿದರು: "ಯಾವ ವಿಷಯ ಕಲೀಬೇಕಾದರೂ ಮೊದಲು ನನ್ನ ಬಾಗಿಲಿಗೆ ಬರಬೇಕು ಕಣ್ರೋ. ಲೆಕ್ಕದ ಪ್ರಶ್ನೆ ಬರೆದಿರೋದೂ ಕನ್ನಡದಲ್ಲೇ." ಮುಂದಿನ ಪೀರಿಯಡ್ಡಿಗೆ ಬಂದ ಪಿಸಿಎಂ ಮೇಷ್ಟ್ರಿಗೆ ನಾವು ಇದನ್ನು ಹೇಳಿಬಿಟ್ಟೆವು. ಅವರು ನಕ್ಕು, "ಸಂತೇಲಿ ಕಾಯಿ ಮಾರೋವಾಗ ಪದ್ಯ ಹೇಳ್ತೀರಾ, ಲೆಕ್ಕ ಹಾಕ್ತೀರಾ?" ಎಂದು ಕೇಳಿದರು. ಸಿಬಿಝಡ್ ಮೇಡಂ ಮಾತಿಗಿಂತ ಮುಂಚೆ ಕಾಂಪೌಂಡಿನ ದಾಸವಾಳವೊಂದನ್ನು ಕಿತ್ತು ತಂದು ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೋರಿಸಿದರು. ಸಮಾಜದ ಮೇಷ್ಟ್ರು ಕ್ಲಾಸಿನಲ್ಲಿ ನಿಲ್ಲಲೇ ಇಲ್ಲ, ನಮ್ಮನ್ನೆಲ್ಲ ಸಾಲಾಗಿ ಕೆರೆ ಏರಿಯ ಹತ್ತಿರ ಕರೆದುಕೊಂಡು ಹೋದರು. ಡ್ರಾಯಿಂಗ್ ಮೇಷ್ಟ್ರು ಕೈವಾರವಿಲ್ಲದೆ ಒಂದೇ ಬೀಸಿಗೆ ಹಲಗೆಯ ಮೇಲೆ ದುಂಡನೆಯ ವೃತ್ತ ಬರೆದು, ಏನೂ ಹೇಳದೆ ನಮ್ಮ ಕಡೆ ತಿರುಗಿ ನಿಂತರು.

ಈ ಪರಿಚಯಗಳನ್ನೇ ಹಿಡಿದುಕೊಂಡು, ನಮ್ಮ ವೇಳಾಪಟ್ಟಿಗೆ ಈ ವಿಷಯಗಳು ಹೇಗೆ ಬಂದವು ಎಂದು ಹೇಳುವುದು ಈ ಲೇಖನದ ಉದ್ದೇಶ. ಅದಕ್ಕೆ ಒಂದು ಸ್ವಂತ ಕಾರಣವೂ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಎಂಟು ವರ್ಷಗಳ ಹಿಂದೆ ಆಗಸ್ಟ್ 15ರ ಧ್ವಜಾರೋಹಣಕ್ಕೆ ಶಾಲೆಯವರು ನನ್ನನ್ನು ಅತಿಥಿಯಾಗಿ ಕರೆದಿದ್ದರು. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೆ, ಒಂದೆರಡು ಸಲ ವಿದೇಶಕ್ಕೂ ಹೋಗಿ ಬಂದಿದ್ದೆ. ಆ ಹುಮ್ಮಸ್ಸಿನಲ್ಲಿ ಮಕ್ಕಳಿಗೆ ಹೇಳಿದೆ: "ಗಣಿತ, ವಿಜ್ಞಾನ, ಇಂಗ್ಲಿಷ್, ಈ ಮೂರನ್ನು ಗಟ್ಟಿ ಮಾಡಿಕೊಳ್ಳಿ. ಉಳಿದದ್ದು ಪಾಸಾಗುವಷ್ಟು ಓದಿದರೆ ಸಾಕು, ಅನ್ನ ಕೊಡುವುದು ಈ ಮೂರೇ." ಮಕ್ಕಳು ಚಪ್ಪಾಳೆ ತಟ್ಟಿದರು. ವೇದಿಕೆಯ ಮೇಲೆ, ನನ್ನ ಪಕ್ಕದ ಕುರ್ಚಿಯಲ್ಲಿ, ನಿವೃತ್ತರಾಗಿದ್ದ ನಮ್ಮ ಕನ್ನಡ ಪಂಡಿತರು ಕೂತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಭಾಷಣ ಚೆನ್ನಾಗಿತ್ತು ಕಣಪ್ಪ. ಒಂದು ಕಡೆಯೂ ಅಲ್ಪಪ್ರಾಣ ಮಹಾಪ್ರಾಣ ತಪ್ಪಲಿಲ್ಲ" ಎಂದರು. ಅಷ್ಟೇ ಹೇಳಿ, ಹಂಚಿದ ಸಿಹಿಯನ್ನು ಕಾಗದದಲ್ಲಿ ಮಡಚಿಕೊಂಡು ಮನೆಗೆ ಹೋದರು. ಬಸ್ಸಿನಲ್ಲಿ ಬೆಂಗಳೂರಿಗೆ ವಾಪಸು ಬರುವಾಗ ಅವರು ಹೇಳಿದ್ದೇನು ಎಂಬುದು ನನಗೆ ನಿಧಾನವಾಗಿ ಅರ್ಥವಾಯಿತು.

ಕೂಲಿ ಮಠದಿಂದ ಹೈಸ್ಕೂಲಿಗೆ

ನಮ್ಮ ಸೀಮೆಯಲ್ಲಿ ಸರ್ಕಾರಿ ಶಾಲೆಗಳು ಬರುವ ಮುಂಚೆ ಇದ್ದದ್ದು ಕೂಲಿ ಮಠ. ಊರಿನ ಜಗಲಿಯಲ್ಲೋ ಗುಡಿಯಲ್ಲೋ ಐಗಳು ಮಕ್ಕಳನ್ನು ಕೂರಿಸಿಕೊಂಡು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು, ಮಗ್ಗಿ ಬಾಯಿಪಾಠ ಮಾಡಿಸುತ್ತಿದ್ದರು. ಅಲ್ಲಿ ವೇಳಾಪಟ್ಟಿ ಇರಲಿಲ್ಲ. ಓದು, ಬರಹ, ಲೆಕ್ಕ ಎಲ್ಲವೂ ಒಬ್ಬರ ಕೈಯಲ್ಲೇ. ಎಲ್ಲ ಜಾತಿಯ ಮಕ್ಕಳಿಗೂ, ಹೆಣ್ಣುಮಕ್ಕಳಿಗೂ ಆ ಜಗಲಿ ತೆರೆದಿರಲಿಲ್ಲ ಎಂಬುದನ್ನೂ ಮರೆಯಬಾರದು.

1854ರಲ್ಲಿ ಕಂಪನಿ ಸರ್ಕಾರಕ್ಕೆ ಬಂದ ವುಡ್ಸ್ ಡಿಸ್ಪ್ಯಾಚ್ ಪ್ರಾಂತ್ಯಗಳಲ್ಲಿ ಶಿಕ್ಷಣಕ್ಕೆಂದೇ ಇಲಾಖೆ ಇರಬೇಕೆಂದು ಹೇಳಿತು. ಮೈಸೂರು ಸಂಸ್ಥಾನದಲ್ಲಿ ಇಲಾಖೆ 1857ರಲ್ಲಿ ಶುರುವಾಯಿತು. 1868ರಲ್ಲಿ ಬಿ.ಎಲ್. ರೈಸ್ ಅವರು ಹೋಬಳಿಗೊಂದು ಶಾಲೆಯ ಯೋಜನೆ ತಂದರು. ನಮ್ಮೂರಿನಂತಹ ಹೋಬಳಿ ಕೇಂದ್ರಗಳಿಗೆ ಸರ್ಕಾರಿ ಶಾಲೆ ಬರಲು ದಾರಿಯಾದದ್ದು ಹೀಗೆ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು ಬಂತು.

ಆದರೆ ಹೈಸ್ಕೂಲು ಬಹುಕಾಲ ಪೇಟೆಯ ಸೊತ್ತಾಗಿಯೇ ಉಳಿಯಿತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಹುಡುಗನೊಬ್ಬ 1935ರಲ್ಲಿ ಹೈಸ್ಕೂಲು ಸೇರಲು ಬೆಂಗಳೂರಿಗೆ ಕಾಲ್ನಡಿಗೆಯಲ್ಲೇ ಹೋದದ್ದು ನಮಗೆಲ್ಲ ಗೊತ್ತಿರುವ ಕಥೆ. ಆ ಹುಡುಗನೇ ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾದ ಡಾ. ಎಚ್. ನರಸಿಂಹಯ್ಯ. ನಮ್ಮೂರಿನಲ್ಲಿ ಅಂಥ ನಡಿಗೆಗೆ ಗಟ್ಟಿ ಕಾಲಿದ್ದವರು ತಾಲ್ಲೂಕು ಕೇಂದ್ರದಲ್ಲಿ ರೂಮು ಮಾಡಿಕೊಂಡು ಓದಿದರು. ಇಲ್ಲದವರು ಏಳಕ್ಕೇ ನಿಲ್ಲಿಸಿದರು. ನಮ್ಮಪ್ಪ ಎರಡನೆಯ ಗುಂಪಿನವರು. ಐವತ್ತು ವರ್ಷಗಳ ಹಿಂದೆ ಈ ಶಾಲೆ ತೆರೆಯಿತೆಂದರೆ ಅದು ಕೇವಲ ಒಂದು ಕಟ್ಟಡದ ಸುದ್ದಿಯಲ್ಲ. ಅದರಲ್ಲೂ ಹೆಣ್ಣುಮಕ್ಕಳಿಗೆ ಮನೆಯಿಂದ ಹೋಗಿ ಬರುವಷ್ಟು ದೂರದಲ್ಲಿ ಎಂಟು, ಒಂಬತ್ತು, ಹತ್ತು ಸಿಕ್ಕಿದ್ದು ಆವತ್ತೇ. ನಮ್ಮ ಕಾಲಕ್ಕೆ ಇಲ್ಲಿ ಬಿಸಿಯೂಟವೂ ಇರಲಿಲ್ಲ, ಸರ್ಕಾರದ ಸೈಕಲ್ಲೂ ಇರಲಿಲ್ಲ. ಮುದ್ದೆ ಉಂಡು ನಡೆದು ಬರುತ್ತಿದ್ದೆವು.

ಪಂಡಿತರು ಮತ್ತು ಲೆಕ್ಕದ ಮೇಷ್ಟ್ರು

ನಮ್ಮ ಕಾಲದ ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಉಳಿದ ಐದು ವಿಷಯಗಳಿಗೆ ತಲಾ 100, ಒಟ್ಟು 625. ಕನ್ನಡಕ್ಕೆ ಯಾಕೆ 25 ಜಾಸ್ತಿ ಎಂದು ನಾವು ಯಾರೂ ಕೇಳಲಿಲ್ಲ. ಅದರ ಹಿಂದೆ ಒಂದು ಹೋರಾಟವೇ ಇದೆ. ಹೈಸ್ಕೂಲಿನಲ್ಲಿ ಕನ್ನಡವನ್ನು ಓದದೆಯೇ ಪಾಸಾಗಬಹುದಾಗಿದ್ದ ಸ್ಥಿತಿಯನ್ನು ನೋಡಿ ವಿ.ಕೃ. ಗೋಕಾಕರ ಸಮಿತಿ 1981ರಲ್ಲಿ ವರದಿ ಕೊಟ್ಟಿತು. ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕು, ಅದಕ್ಕೆ 150 ಅಂಕ ಇರಬೇಕು ಎಂಬುದು ಅದರ ಶಿಫಾರಸು. ವರದಿ ಜಾರಿಯಾಗಲಿ ಎಂದು 1982ರಲ್ಲಿ ಸಾಹಿತಿಗಳು, ವಿದ್ಯಾರ್ಥಿಗಳು ಬೀದಿಗಿಳಿದರು. ಡಾ. ರಾಜ್‌ಕುಮಾರ್ ಊರೂರಿಗೆ ಹೋಗಿ ಮಾತಾಡಿದರು.

ಪಂಡಿತರೆಂಬ ಹುದ್ದೆಯ ಕಥೆಯೂ ಹೀಗೆಯೇ. ಹಿಂದಿನ ಕಾಲದಲ್ಲಿ ಭಾಷಾ ಪಂಡಿತರಿಗೆ ಇಂಗ್ಲಿಷ್, ಗಣಿತದ ಮೇಷ್ಟ್ರುಗಳಿಗಿಂತ ಸಂಬಳ ಕಡಿಮೆ, ಮರ್ಯಾದೆಯೂ ಕಡಿಮೆ. ಮೈಸೂರು ವಿಶ್ವವಿದ್ಯಾನಿಲಯ ಶುರುವಾದದ್ದು 1916ರಲ್ಲಿ, ಅಲ್ಲಿ ಕನ್ನಡಕ್ಕೇ ಒಂದು ಎಂ.ಎ. ಬಂದದ್ದು 1927ರಲ್ಲಿ. ನಮ್ಮ ಪಂಡಿತರು ಹಲಗೆಯ ಮೇಲೆ ತಮ್ಮ ಹೆಸರಿನ ಮುಂದೆ "ಎಂ.ಎ." ಎಂದು ಎರಡು ಸಲ ತಿದ್ದಿ ದಪ್ಪಗೆ ಬರೆದದ್ದನ್ನು ನೋಡಿ ಹಿಂದಿನ ಬೆಂಚಿನವರು ನಕ್ಕಿದ್ದರು. ಆ ಎರಡಕ್ಷರ ಎಷ್ಟು ದೂರದಿಂದ ನಡೆದು ಬಂದದ್ದೆಂದು ನಮಗೆ ಗೊತ್ತಿರಲಿಲ್ಲ.

ಇನ್ನು ಲೆಕ್ಕದ ಮೇಷ್ಟ್ರಿಗೂ ಪಂಡಿತರಿಗೂ ನಡೆಯುತ್ತಿದ್ದ ಹುಸಿ ಜಗಳದ ವಿಷಯ. ಕೆಲವು ವರ್ಷಗಳ ಹಿಂದೆ ಸಹೋದ್ಯೋಗಿಯೊಬ್ಬರ ಮದುವೆಗೆ ಕಲಬುರಗಿಗೆ ಹೋದಾಗ ಸೇಡಂ ದಾರಿಯಲ್ಲಿ ಮಳಖೇಡದಲ್ಲಿ ಇಳಿದೆ. ಕಾಗಿಣಾ ನದಿಯ ದಡದಲ್ಲಿ ಹಳೆಯ ಕೋಟೆ ಇದೆ. 9ನೇ ಶತಮಾನದಲ್ಲಿ ಅದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಕನ್ನಡದ ಮೊದಲ ಲಭ್ಯ ಗ್ರಂಥ 'ಕವಿರಾಜಮಾರ್ಗ' ಹುಟ್ಟಿತು. ಅದೇ ದೊರೆಯ ಕಾಲದಲ್ಲಿ, ಅವನನ್ನು ಹೊಗಳುತ್ತಾ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದ. ಪಂಡಿತರ ಪುಸ್ತಕವೂ ಲೆಕ್ಕದ ಮೇಷ್ಟ್ರ ಪುಸ್ತಕವೂ ಒಬ್ಬನೇ ದೊರೆಯ ನೆರಳಿನವು!

ಮಹಾವೀರಾಚಾರ್ಯನ ಪುಸ್ತಕದ ಆರಂಭ ನೋಡಿದರೆ ನಮ್ಮ ಪಿಸಿಎಂ ಮೇಷ್ಟ್ರೇ ನೆನಪಾಗುತ್ತಾರೆ. ಲೆಕ್ಕ ಶುರುಮಾಡುವ ಮುಂಚೆ ಆತ ಗಣಿತದ ಹೆಚ್ಚುಗಾರಿಕೆ ಹೇಳುತ್ತಾನೆ. ಲೋಕವ್ಯವಹಾರಕ್ಕೆ ಗಣಿತ ಬೇಕು, ವೈದ್ಯಕ್ಕೆ ಬೇಕು, ಮನೆ ಕಟ್ಟಲು ಬೇಕು, ಅಡುಗೆಗೆ ಬೇಕು, ಸಂಗೀತ ನಾಟಕಕ್ಕೆ ಬೇಕು ಎಂದು ಪಟ್ಟಿ ಕೊಡುತ್ತಾನೆ. ಆ ಪಟ್ಟಿಯಲ್ಲಿ ಛಂದಸ್ಸು, ಕಾವ್ಯ, ವ್ಯಾಕರಣಗಳೂ ಇವೆ. ಎಂದರೆ ಸುಮಾರು 1,200 ವರ್ಷಗಳ ಹಿಂದೆಯೇ ನಮ್ಮ ನಾಡಿನ ಒಬ್ಬ ಮೇಷ್ಟ್ರು ತಮ್ಮ ವಿಷಯದ ಪರಿಚಯವನ್ನು ಹೀಗೆ ಮಾಡಿಕೊಟ್ಟಿದ್ದರು, ಅದೂ ಪಂಡಿತರನ್ನು ದೂರವಿಡದೆ. 12ನೇ ಶತಮಾನದ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ.

ಛಂದಸ್ಸಿಗೆ ಗಣಿತ ಬೇಕು ಎಂಬುದು ನನಗೆ ತಡವಾಗಿ ಹೊಳೆದ ಪಾಠ. ಪಂಡಿತರು ಲಘು ಗುರು ಹಾಕಿಸುತ್ತಾ, ಮೂರಕ್ಷರದ ಗಣಗಳು ಎಂಟೇ, ಒಂಬತ್ತನೆಯದು ಸಾಧ್ಯವಿಲ್ಲ ಎಂದಿದ್ದರು: ಯ, ಮ, ತ, ರ, ಜ, ಭ, ನ, ಸ. ಯಾಕೆ ಸಾಧ್ಯವಿಲ್ಲ ಎಂದು ಯೋಚಿಸದೆ ಉರು ಹೊಡೆದೆ. ಬಿ.ಇ. ಮೂರನೇ ಸೆಮಿಸ್ಟರಿನ ಲಾಜಿಕ್ ಡಿಸೈನ್ ಕ್ಲಾಸಿನಲ್ಲಿ ಮೂರು ಬಿಟ್‌ಗಳಿಗೆ 000ಯಿಂದ 111ರವರೆಗೆ ಎಂಟೇ ಸಾಲು ಬರುತ್ತದೆ ಎಂದು ಟ್ರೂತ್ ಟೇಬಲ್ ಹಾಕಿದಾಗ ಕೈ ನಿಂತಿತು. ಲಘು ಒಂದು, ಗುರು ಒಂದು, ಸ್ಥಾನ ಮೂರು. ಎರಡನ್ನು ಎರಡರಿಂದ, ಮತ್ತೆ ಎರಡರಿಂದ ಗುಣಿಸಿದರೆ ಎಂಟು. ನನ್ನ ಕೆಲಸದ ಮೊದಲ ಪಾಠವನ್ನು ನನಗೆ ಕನ್ನಡ ಪೀರಿಯಡ್ಡಿನಲ್ಲೇ ಹೇಳಿಕೊಟ್ಟಿದ್ದರು. ಅದನ್ನು ಅವರಿಗೆ ಹೇಳುವ ಬದಲು, ವೇದಿಕೆ ಸಿಕ್ಕಾಗ ನಾನು ಹೇಳಿದ್ದು ಬೇರೆಯೇ ಮಾತು.

ಇಂಗ್ಲಿಷ್, ಹಿಂದಿ

ಆಗ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ಕ್ಲಾಸಿನಲ್ಲಿ. ಮೂರು ವರ್ಷದ ಎಬಿಸಿಡಿಯೊಂದಿಗೆ ನಾವು ಇಲ್ಲಿಗೆ ಬಂದಿದ್ದೆವು. ಇಂಗ್ಲಿಷ್ ಮೇಷ್ಟ್ರು ಮೊದಲ ದಿನ ಇಂಗ್ಲಿಷಿನಲ್ಲೇ ಐದು ನಿಮಿಷ ಮಾತಾಡಿದರು. ಎಲ್ಲರ ಮುಖ ಬಿಳಿಚಿಕೊಂಡ ಮೇಲೆ ಕನ್ನಡಕ್ಕೆ ತಿರುಗಿ, "ನಾನೂ ಹಳ್ಳಿಯೋನೇ. ನನಗೂ ಮೊದಲ ದಿನ ಏನೂ ಅರ್ಥವಾಗಿರಲಿಲ್ಲ" ಎಂದರು. ನಮ್ಮ ಭಯವನ್ನು ಅರ್ಧ ಇಳಿಸಿದ್ದು ಆ ಮಾತು.

ಒಂದು ಕಾಲದಲ್ಲಿ ಹೈಸ್ಕೂಲೆಂದರೆ ಇಂಗ್ಲಿಷ್ ಸ್ಕೂಲೇ, ಚರಿತ್ರೆ ಭೂಗೋಳವನ್ನೂ ಇಂಗ್ಲಿಷಿನಲ್ಲೇ ಓದಬೇಕಿತ್ತು. ಆದರೆ ಇಂಗ್ಲಿಷ್ ಕಲಿತವರೆಲ್ಲ ಕನ್ನಡಕ್ಕೆ ಬೆನ್ನು ಹಾಕಲಿಲ್ಲ. ನಮ್ಮ ತುಮಕೂರು ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ಕಾಲೇಜಿನಲ್ಲಿ ಕಲಿಸುತ್ತಿದ್ದದ್ದು ಇಂಗ್ಲಿಷ್. 1911ರಲ್ಲಿ ಧಾರವಾಡಕ್ಕೆ ಹೋಗಿ ಕನ್ನಡ ತಲೆಯೆತ್ತುವ ದಾರಿಯ ಬಗ್ಗೆ ಭಾಷಣ ಮಾಡಿದವರೂ ಅವರೇ. 'ಇಂಗ್ಲಿಷ್ ಗೀತಗಳು' ಕೊಟ್ಟು ಹೊಸಗನ್ನಡ ಕವಿತೆಗೆ ದಾರಿ ಮಾಡಿದವರೂ ಅವರೇ.

ಹಿಂದಿ ನಮ್ಮ ಪಟ್ಟಿಗೆ ಬಂದದ್ದು ಇನ್ನೊಂದು ದಾರಿಯಲ್ಲಿ. ಗಾಂಧೀಜಿಯವರ ಪ್ರೇರಣೆಯಿಂದ 1918ರಲ್ಲಿ ಮದರಾಸಿನಲ್ಲಿ ಹಿಂದಿ ಪ್ರಚಾರದ ಕೆಲಸ ಶುರುವಾಯಿತು. 1968ರ ರಾಷ್ಟ್ರೀಯ ಶಿಕ್ಷಣ ನೀತಿ ತ್ರಿಭಾಷಾ ಸೂತ್ರವನ್ನು ಹೇಳಿತು. ನಮ್ಮ ಹಿಂದಿ ಟೀಚರು ಪ್ರಚಾರ ಸಭೆಯ ಪರೀಕ್ಷೆಗಳನ್ನು ಒಂದೊಂದಾಗಿ ಮನೆಯಲ್ಲೇ ಓದಿ ಕಟ್ಟಿ ಕೆಲಸಕ್ಕೆ ಬಂದವರು. ಹಿಂದಿ ಬೇಕೇ ಬೇಡವೇ ಎಂಬ ಚರ್ಚೆ ಇವತ್ತಿಗೂ ಮುಗಿದಿಲ್ಲ, ಅದಕ್ಕೆ ಇಲ್ಲಿ ಜಾಗವಿಲ್ಲ. ಮದುವೆಯಾದ ಮೇಲೆ ಓದು ನಿಂತಿದ್ದ ಹೆಣ್ಣುಮಗಳೊಬ್ಬರಿಗೆ ಆ ಪರೀಕ್ಷೆಗಳು ಒಂದು ನೌಕರಿ ಕೊಟ್ಟವು ಎಂದು ಮಾತ್ರ ಹೇಳುತ್ತೇನೆ. ಅದನ್ನು ಅವರೇ ಮೊದಲ ದಿನ ನಮಗೆ ಹೇಳಿದ್ದರು.

ದಾಸವಾಳದ ಪಾಠ

ವಿಜ್ಞಾನ ಮತ್ತು ಗಣಿತವನ್ನು ಹತ್ತನೆಯವರೆಗೆ ಎಲ್ಲ ಮಕ್ಕಳೂ ಓದಲೇಬೇಕು ಎಂದು ಒತ್ತಿ ಹೇಳಿದ್ದು 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗ. ಅದಕ್ಕೆ ಮುಂಚೆ ಹೈಸ್ಕೂಲಿನಲ್ಲೇ ಐಚ್ಛಿಕ ವಿಷಯ ಆರಿಸಿಕೊಳ್ಳುವ ಪದ್ಧತಿ ಇತ್ತು. ಹದಿಮೂರು ಹದಿನಾಲ್ಕು ವರ್ಷಕ್ಕೇ ಒಂದು ಬಾಗಿಲು ಮುಚ್ಚಿಹೋಗುತ್ತಿತ್ತು. ಆ ಪದ್ಧತಿ ಉಳಿದಿದ್ದರೆ, ಏಳನೇ ಕ್ಲಾಸಿನಲ್ಲಿ ಲೆಕ್ಕಕ್ಕೆ ಹೆದರುತ್ತಿದ್ದ ನಾನು ಯಾವ ಬಾಗಿಲು ಮುಚ್ಚಿಕೊಳ್ಳುತ್ತಿದ್ದೆನೋ!

ಸಿಬಿಝಡ್ ಮೇಡಂ ಮೊದಲ ದಿನ ಹೇಳಿದ್ದು ಒಂದೇ ಮಾತು: "ಪುಸ್ತಕದಲ್ಲಿರೋದನ್ನ ನಂಬಬೇಡಿ, ಸೀಳಿ ನೋಡಿ." ಪ್ರಯೋಗಾಲಯವೆಂದರೆ ನಮ್ಮಲ್ಲಿ ಒಂದು ಬೀರು. ಬೀಕರು, ಲಿಟ್ಮಸ್ ಕಾಗದ ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಅವರು ದಾಸವಾಳದಲ್ಲಿ ಕೇಸರ, ಶಲಾಕೆ ತೋರಿಸಿದರು, ನೆನೆಹಾಕಿದ ಹುರುಳಿಕಾಳಿನಲ್ಲಿ ಮೊಳಕೆ ತೋರಿಸಿದರು, ಅರಿಶಿನದ ನೀರಿಗೆ ಸುಣ್ಣ ಹಾಕಿ ಕೆಂಪಾಗುವುದನ್ನು ತೋರಿಸಿದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಪತ್ರಿಕೆಯನ್ನು ತರಿಸಿ ಕ್ಲಾಸಿನಲ್ಲಿ ಕೈಯಿಂದ ಕೈಗೆ ಓಡಾಡಿಸಿದರು. ರಾಮನ್ ಅವರ 1928ರ ಶೋಧದ ನೆನಪಿಗೆ ಫೆಬ್ರವರಿ 28ರಂದು ವಿಜ್ಞಾನ ದಿನ ಮಾಡುತ್ತಾರೆಂದು ನಮಗೆ ಗೊತ್ತಾದದ್ದು ಆ ಪತ್ರಿಕೆಯಿಂದ. ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವಾಗ ನಾನು ಇವತ್ತಿಗೂ ಮಾಡುವುದು ಅವರು ಹೇಳಿದ್ದನ್ನೇ. ಯಾರು ಏನೇ ಹೇಳಲಿ, ಸೀಳಿ ನೋಡುತ್ತೇನೆ.

ಕೆರೆ ಏರಿಯ ಕಲ್ಲು

ಸಮಾಜದ ಮೇಷ್ಟ್ರು ನಮ್ಮನ್ನು ಕರೆದುಕೊಂಡು ಹೋದದ್ದು ಏರಿಯ ಕೆಳಗೆ ಅರ್ಧ ಹೂತಿದ್ದ ಕಲ್ಲಿನ ಹತ್ತಿರ. ಊರಿನವರು ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು. ಮೇಷ್ಟ್ರು ನೀರು ಹಾಕಿ ತೊಳೆದು ತೋರಿಸಿದರು. ಕೆಳಗಿನ ಪಟ್ಟಿಯಲ್ಲಿ ಕತ್ತಿ ಹಿಡಿದು ಹೋರಾಡುವ ಮನುಷ್ಯ, ಪಕ್ಕದಲ್ಲಿ ದನಗಳು. ನಡುವಿನ ಪಟ್ಟಿಯಲ್ಲಿ ಅವನನ್ನು ಮೇಲಕ್ಕೆ ಒಯ್ಯುವ ಅಪ್ಸರೆಯರು. ಮೇಲೆ ಶಿವಲಿಂಗ. "ನಿಮ್ಮೂರಿನ ದನ ಹೊಡ್ಕೊಂಡು ಹೋಗೋಕೆ ಬಂದವರ ಜೊತೆ ಹೋರಾಡಿ ಸತ್ತವನು ಇವನು. ಹೆಸರು ಗೊತ್ತಿಲ್ಲ. ಇವನ ಮೇಲೇ ಬಟ್ಟೆ ಒಗೀತೀವಿ ನಾವು. ನನ್ನ ಸಬ್ಜೆಕ್ಟು ಇದೇ" ಎಂದರು.

ಹೋಬಳಿ ಶಾಲೆಗಳ ಯೋಜನೆ ತಂದ ರೈಸ್ ಅವರ ಹೆಸರನ್ನು ಮೇಲೆ ಹೇಳಿದ್ದೇನೆ. ಬೆಂಗಳೂರಿನಲ್ಲೇ ಹುಟ್ಟಿದ ಅವರು ಶಾಲೆಗಳ ತಪಾಸಣೆಗೆ ಹಳ್ಳಿ ಹಳ್ಳಿ ಸುತ್ತುವಾಗ ಕಂಡದ್ದು ಇಂಥ ಕಲ್ಲುಗಳನ್ನೇ. ಮುಂದೆ ಅವರ ಮುಂದಾಳ್ತನದಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕ' ಎಂಬ ಹನ್ನೆರಡು ಸಂಪುಟಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಶಾಸನಗಳು ಅಚ್ಚಾದವು. ನಮ್ಮ ತುಮಕೂರು ಜಿಲ್ಲೆಯದು ಹನ್ನೆರಡನೆಯ ಸಂಪುಟ, 1904ರಲ್ಲಿ ಬಂತು. ನಮ್ಮ ಹಳ್ಳಿಗಳ ಶಾಲೆ ಮತ್ತು ನಮ್ಮ ಹಳ್ಳಿಗಳ ಚರಿತ್ರೆ, ಎರಡಕ್ಕೂ ಓಡಾಡಿದ ಕಾಲು ಒಂದೇ. ಚರಿತ್ರೆ, ಭೂಗೋಳ, ಪೌರನೀತಿ ಬೇರೆ ಬೇರೆಯಾಗಿದ್ದವು ಒಟ್ಟಾಗಿ 'ಸಮಾಜ' ಎಂಬ ಒಂದೇ ವಿಷಯವಾಗಲು ದಾರಿ ಹಾಕಿದ್ದು 1952-53ರ ಮುದಲಿಯಾರ್ ಆಯೋಗ.

ಈ ಲೇಖನಕ್ಕೆಂದು ಮೇಷ್ಟ್ರಿಗೆ ಫೋನ್ ಮಾಡಿದೆ. ಆರೋಗ್ಯ ಕೇಳಿ ಮುಗಿಸುವ ಮುಂಚೆಯೇ, "ಕಲ್ಲು ಹೇಗಿದೆಯಪ್ಪ?" ಎಂದರು. ನೋಡಿಕೊಂಡು ಬಂದು ಹೇಳುತ್ತೇನೆ ಸಾರ್ ಎಂದೆ. ಊರಿಗೆ ಹೋಗಿ ನೋಡಿದರೆ, ರಸ್ತೆ ಅಗಲ ಮಾಡುವಾಗ ಜೆಸಿಬಿ ಅದನ್ನು ಎತ್ತಿ ಬೇಲಿಯ ಪಕ್ಕಕ್ಕೆ ಹಾಕಿದೆ. ಮುಖ ಮಣ್ಣಿಗೆ, ಬೆನ್ನು ಮೇಲೆ. ಅವರಿಗೆ ಇನ್ನೂ ಫೋನ್ ಮಾಡಿಲ್ಲ.

ಅಂಕವಿಲ್ಲದ ವಿಷಯಗಳು

625ರ ಲೆಕ್ಕದಲ್ಲಿ ಸೇರದ ಎರಡು ವಿಷಯಗಳು ನಮ್ಮಲ್ಲಿದ್ದವು: ದೈಹಿಕ ಶಿಕ್ಷಣ ಮತ್ತು ಡ್ರಾಯಿಂಗ್. ಪಿಟಿ ಮೇಷ್ಟ್ರಿಗೆಂದೇ ತರಬೇತಿ ಕಾಲೇಜು ದಕ್ಷಿಣದಲ್ಲಿ ಶುರುವಾದದ್ದು 1920ರಲ್ಲಿ, ಮದರಾಸಿನ ವೈಎಂಸಿಎಯಲ್ಲಿ, ಹ್ಯಾರಿ ಬಕ್ ಎಂಬ ಅಮೆರಿಕದವರಿಂದ. ನಮ್ಮ ಪಿಟಿ ಮೇಷ್ಟ್ರು ಮೊದಲ ದಿನ ಹೇಳಿದ್ದು, "ಸೋತ ಮೇಲೂ ಎದುರು ಟೀಮಿಗೆ ಕೈ ಕೊಡಬೇಕು. ಅದನ್ನ ಬೇರೆ ಯಾವ ಮೇಷ್ಟ್ರೂ ಕಲಿಸಲ್ಲ." ಕೊಕ್ಕೋದಲ್ಲಿ ತಾಲ್ಲೂಕಿಗೆ ಹೋಗಿ ಸೋತು ಬಂದ ನಮ್ಮ ಹುಡುಗಿಯರು ಆ ಮಾತನ್ನು ಉಳಿಸಿಕೊಂಡರು.

ಡ್ರಾಯಿಂಗ್ ಮೇಷ್ಟ್ರು ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಪರೀಕ್ಷೆಗಳಿಗೆ ಮಕ್ಕಳನ್ನು ತಾವೇ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಕೂರಿಸುತ್ತಿದ್ದರು. ನಮ್ಮ ಬ್ಯಾಚಿನಲ್ಲಿ ಲೆಕ್ಕದಲ್ಲಿ ಎರಡು ಸಲ ಫೇಲಾದ ಗೆಳೆಯನೊಬ್ಬ ಆ ಪರೀಕ್ಷೆ ಪಾಸು ಮಾಡಿದ್ದ. ಇವತ್ತು ತಾಲ್ಲೂಕಿನಲ್ಲಿ ಬೋರ್ಡು ಬರೆಯುವ ಅಂಗಡಿ ಇಟ್ಟು ಮೂವರಿಗೆ ಕೆಲಸ ಕೊಟ್ಟಿದ್ದಾನೆ. ಅನ್ನ ಕೊಡುವುದು ಮೂರೇ ವಿಷಯ ಎಂದು ನಾನು ಭಾಷಣ ಮಾಡಿದ ದಿನ, ಹಿಂದೆ ಕಟ್ಟಿದ್ದ ಬ್ಯಾನರು ಬರೆದುಕೊಟ್ಟವನೂ ಅವನೇ.

ಆ ಡ್ರಾಯಿಂಗ್ ಮೇಷ್ಟ್ರು ನಿವೃತ್ತರಾದ ಮೇಲೆ ಆ ಹುದ್ದೆ ತುಂಬಿಲ್ಲ. ಇನ್ನೂ ಕೆಲವು ವಿಷಯಗಳಿಗೆ ಅತಿಥಿ ಶಿಕ್ಷಕರಿದ್ದಾರೆ, ಅವರು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಊರಿನ ಮಕ್ಕಳು ಹಳದಿ ಬಸ್ಸು ಹತ್ತಿ ಪೇಟೆಗೆ ಹೋಗುವುದೂ ಹೆಚ್ಚಾಗಿದೆ. ಹುದ್ದೆ ಖಾಲಿ ಎಂದರೆ ಒಂದು ಸಂಬಳ ಉಳಿಯಿತು ಎಂದಷ್ಟೇ ಅಲ್ಲ. ಜೂನ್ ತಿಂಗಳಲ್ಲಿ ಆ ಬಾಗಿಲಿನಿಂದ ಒಳಗೆ ಬಂದು "ನನ್ನ ವಿಷಯ ಇದು" ಎಂದು ಮಕ್ಕಳಿಗೆ ಹೇಳುವವರು ಒಬ್ಬರು ಕಡಿಮೆಯಾದರು.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಮನವಿ

ಸುವರ್ಣ ಮಹೋತ್ಸವದ ನೆನಪಿಗೆ ಕಂಪ್ಯೂಟರ್ ಲ್ಯಾಬು ಕೊಡೋಣ ಎಂದು ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಮೊದಲು ಹೇಳಿದವನು ನಾನೇ. ಅದು ಬೇಡ ಎನ್ನುವುದಿಲ್ಲ, ನನ್ನ ಪಾಲು ಕೊಡುತ್ತೇನೆ. ಅದರ ಜೊತೆಗೆ ಮೂರು ಕೆಲಸ ಮಾಡೋಣ ಎಂದು ಕೇಳಿಕೊಳ್ಳುತ್ತೇನೆ. ಡ್ರಾಯಿಂಗ್ ಹುದ್ದೆ ತುಂಬುವಂತೆ ಇಲಾಖೆಗೆ ಎಲ್ಲರೂ ಸಹಿ ಹಾಕಿ ಬರೆಯೋಣ, ಅದು ತುಂಬುವವರೆಗೆ ಶಾಲೆಯವರು ಒಪ್ಪಿದರೆ ಒಬ್ಬ ಅತಿಥಿ ಶಿಕ್ಷಕರ ಗೌರವಧನ ನಮ್ಮ ಬ್ಯಾಚಿನದು. ಕೆರೆ ಏರಿಯ ವೀರಗಲ್ಲಿನ ವಿಷಯ ಪುರಾತತ್ವ ಇಲಾಖೆಗೆ ತಿಳಿಸಿ, ಪಂಚಾಯಿತಿಯವರ ಜೊತೆ ಸೇರಿ ಅದನ್ನು ಎತ್ತಿ ನಿಲ್ಲಿಸೋಣ. ಪ್ರತಿವರ್ಷ ಜೂನ್ ಮೊದಲ ವಾರ, ಆರೋಗ್ಯವಿರುವ ನಿವೃತ್ತ ಮೇಷ್ಟ್ರುಗಳನ್ನು ಎಂಟನೇ ಕ್ಲಾಸಿಗೆ ಒಂದೊಂದು ಪೀರಿಯಡ್ಡು ಕರೆಯೋಣ. ಅವರು ಪಾಠ ಮಾಡಬೇಕಿಲ್ಲ, ಪರಿಚಯ ಮಾಡಿಕೊಂಡರೆ ಸಾಕು.

ಸಮಾರಂಭಕ್ಕೆ ನಮ್ಮ ಪಂಡಿತರೂ ಬರುತ್ತಾರೆಂದು ಕೇಳಿದ್ದೇನೆ. ಈ ಸಂಚಿಕೆ ಅವರ ಕೈಗೆ ಹೋಗುತ್ತದೆ. ಅವತ್ತು ವೇದಿಕೆಯ ಮೇಲೆ ನಾನು ಹೇಳಿದ್ದು ತಪ್ಪು ಸಾರ್, ಅದಕ್ಕೆ ತಿದ್ದುಪಡಿ ಈ ಲೇಖನ. ಇ́ದರಲ್ಲಿ ಎಲ್ಲಾದರೂ ಕಾಗುಣಿತ ತಪ್ಪಿದ್ದರೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಕೊಡಿ.